ಕಣದ ಮೇಲೆ ಹಾಸಿದ ಕಂಬಳಿ

ದೇವರು ಗುರುತು ತೋರಿಸಿದ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಗಂಗಾವತಿಯ ನಮ್ಮ ಸಭೆಯಲ್ಲಿ ಭಾನುವಾರ ಸಾಕ್ಷಿ ಹೇಳುವವರಿಗೆ ಬಸ್ಸು ಸಿಕ್ಕಿದ್ದೂ ದೇವರ ಚಿತ್ತ, ಬಸ್ಸು ತಪ್ಪಿದ್ದೂ ದೇವರ ಚಿತ್ತ. ನಾನೂ ಕ್ರೈಸ್ತ ಮನೆಯಲ್ಲೇ ಹುಟ್ಟಿದವಳು, ಪ್ರಾರ್ಥನೆ ತಪ್ಪಿಸಿದವಳಲ್ಲ. ಆದರೆ ನಮ್ಮ ಮನೆಯ ಪ್ರಶ್ನೆಗಳಿಗೆಲ್ಲ ದೇವರು ಕೂತು ಉತ್ತರ ಕೊಡುತ್ತಾನೆಂದು ನಂಬಿರಲಿಲ್ಲ. ಈಗ ನಂಬುತ್ತೀಯಾ ಎಂದು ನೀವು ಕೇಳಿದರೆ ಏನು ಹೇಳಬೇಕೋ ತಿಳಿಯದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅವ್ವನಿಗೆ ಹೃದಯದ ಕಾಯಿಲೆ ಇತ್ತು. ಹುಬ್ಬಳ್ಳಿಯ ಡಾಕ್ಟರು, ಆಪರೇಷನ್ ಮಾಡಬಹುದು, ಆದರೆ ಈಕೆಯ ದೇಹ ತಡೆದೀತೆಂದು ಖಾತ್ರಿ ಕೊಡಲಾರೆ ಎಂದರು. ಮಾಡದಿದ್ದರೆ ಗುಳಿಗೆಯ ಮೇಲೆ ಒಂದಷ್ಟು ಕಾಲ ಹೋದೀತು, ನೀವೇ ವಿಚಾರ ಮಾಡಿ ಎಂದು ಕಳಿಸಿಬಿಟ್ಟರು. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಕೆಲಸದವನು. ನನ್ನನ್ನು ಶಾಲೆಗೆ ಸೇರಿಸುವಾಗಲೂ ಮೊಣಕಾಲೂರಿ ಕೇಳಿಯೇ ಸೇರಿಸಿದ ಮನುಷ್ಯ. ಇಂಥದ್ದನ್ನು ತಾನೇ ತೀರ್ಮಾನಿಸುತ್ತಾನೆಯೇ? ಆಪರೇಷನ್ ಆಗಲೇಬೇಕೆಂದು ನನ್ನ ಹಟ. ಅವ್ವ ಮಾತ್ರ, "ದೇವ್ರು ಹ್ಞೂಂ ಅಂದ್ರ ನಾನೂ ಹ್ಞೂಂ. ಇಲ್ಲಂದ್ರ ನನ್ನ ಮನ್ಯಾಗ ಇರಾಕ ಬಿಡ್ರಿ" ಎಂದಳು.

ಆಗ ಅಪ್ಪನಿಗೆ ಗಿದ್ಯೋನ ನೆನಪಾದ. ಬೈಬಲಿನ ಆ ಗಿದ್ಯೋನ ಯುದ್ಧಕ್ಕೆ ಹೋಗುವ ಮೊದಲು ಕಣದಲ್ಲಿ ಕುರಿಯ ಉಣ್ಣೆ ಇಟ್ಟು, ನೆಲ ಒಣಗಿದ್ದು ಉಣ್ಣೆಯೊಂದೇ ಇಬ್ಬನಿಯಲ್ಲಿ ತೊಯ್ದರೆ ದೇವರು ಜೊತೆಗಿದ್ದಾನೆಂದು ತಿಳಿಯುತ್ತೇನೆ ಎಂದು ಬೇಡಿಕೊಂಡಿದ್ದ. ನಮ್ಮಪ್ಪನಿಗೂ ಕಣವಿತ್ತು, ಮಿಲ್ಲಿನ ಹಿಂದೆ ಭತ್ತ ಒಣಹಾಕುವ ಸಿಮೆಂಟಿನ ಕಣ. ಕುಷ್ಟಗಿ ಕಡೆಯಿಂದ ತಂದ ಕರಿ ಕಂಬಳಿಯೂ ಮನೆಯಲ್ಲಿತ್ತು. "ದೇವರನ್ನ ಪರೀಕ್ಷೆ ಮಾಡಬ್ಯಾಡ್ರಿ" ಎಂದು ಪಾಸ್ಟರು ಬುದ್ಧಿ ಹೇಳಿದರು. ಅಪ್ಪ ಕೇಳಲಿಲ್ಲ. ಕಂಬಳಿ ತೊಯ್ದರೆ ಹುಬ್ಬಳ್ಳಿಗೆ ಹೋಗುವುದು, ಒಣಗಿದ್ದರೆ ಅವ್ವನನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಎಂದು ಪ್ರಾರ್ಥಿಸಿ, ಸಂಜೆ ಅದನ್ನು ಕಣದ ನಡುವೆ ಹಾಸಿ ಬಂದ. ಬಾಯ್ಲರ್ ರಿಪೇರಿಗೆಂದು ಆ ವಾರ ಮಿಲ್ಲು ನಿಂತಿತ್ತು, ಕಣ ಖಾಲಿಯಿತ್ತು. ನನಗೆ ಮೈಯೆಲ್ಲ ಉರಿಯಿತು. ಬೇಸಿಗೆಯ ಗಂಗಾವತಿಯಲ್ಲಿ ಇಬ್ಬನಿ ಎಲ್ಲಿಂದ ಬರಬೇಕು? ಅವ್ವನನ್ನು ಕಳಿಸಲು ಅಪ್ಪನಿಗೆ ಧೈರ್ಯವಿಲ್ಲ, ಅದಕ್ಕೇ ಸೋಲುವುದು ಗೊತ್ತಿದ್ದೂ ಪಂದ್ಯ ಕಟ್ಟಿದ್ದಾನೆ ಅಂದುಕೊಂಡೆ.

ಬೆಳಗಾಗುತ್ತಲೇ ಅಪ್ಪನ ಹಿಂದೆ ನಾನೂ ಹೋದೆ. ಕಣ ಪೂರಾ ಒಣಗಿತ್ತು, ಕಾಲಿಗೆ ಧೂಳು ಹತ್ತುತ್ತಿತ್ತು. ಅಪ್ಪ ಕಂಬಳಿಯ ಅಂಚು ಹಿಡಿದು ಎತ್ತಲು ಹೋದ. ಒಂದೇ ಕೈಗೆ ಏಳಲಿಲ್ಲ, ಅಷ್ಟು ಭಾರವಾಗಿತ್ತು. ನಾನೇ ಹಿಂಡಿ ನೋಡಿದೆ. ತಣ್ಣನೆಯ ನೀರು ಮೊಣಕೈವರೆಗೂ ಇಳಿಯಿತು. ಇಬ್ಬರೂ ಸೇರಿ ಎತ್ತಿದಾಗ ಕೆಳಗಿನ ಸಿಮೆಂಟೂ ಒಣಗಿತ್ತು.

ಓಡಿಹೋಗಿ ಗೇಟಿನ ಕಾವಲಿಗಿದ್ದ ಖಾಜಾಸಾಬರನ್ನು ಕೇಳಿದೆ. "ಅಲ್ಲಾನ ಆಣಿ, ಯಾರೂ ಬಂದಿಲ್ಲ ಯವ್ವಾ. ನಳದಾಗ ಕುಡಿಯಾಕ ಸೈತ ನೀರಿಲ್ಲ" ಎಂದರು.

ಅವ್ವ ಆ ತೊಯ್ದ ಕಂಬಳಿಯನ್ನು ಕೆನ್ನೆಗೆ ಒತ್ತಿಕೊಂಡಳು. "ಹಂಗಾದ್ರ ನಡೀರಿ, ಹೋಗೂಣು" ಎಂದಳು. ಅಷ್ಟು ದಿನದ ಅಂಜಿಕೆ ಅವಳ ಮುಖದಿಂದ ಹೋಗಿಬಿಟ್ಟಿತ್ತು. ಕೊಪ್ಪಳ ದಾಟುವವರೆಗೂ ಬಸ್ಸಿನಲ್ಲಿ ಕೀರ್ತನೆ ಗುನುಗುತ್ತಿದ್ದಳು. ಆಪರೇಷನ್ನಿಗೆ ನಗುತ್ತ ಒಳಗೆ ಹೋದವಳು ಜೀವಂತ ಹೊರಗೆ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಪ್ಪನ ಮೇಲೆ ಹರಿಹಾಯ್ದೆ. "ನಿನ್ನ ದೇವ್ರು ಹೋಗ್ರಿ ಅಂದಿದ್ನಲ್ಲ, ಯಾಕ ಅಂದ?"

ಅಪ್ಪ ಅಳಲಿಲ್ಲ, ಸಿಟ್ಟಿಗೇಳಲೂ ಇಲ್ಲ. "ಕರಕೊಂಡು ಹೋಗಬೇಕೇನು ಅಂತ ಕೇಳಿದ್ವಿ. ತಿರುಗಿ ಕರಕೊಂಡು ಬರ್ತೀವೇನು ಅಂತ ಕೇಳಲೇ ಇಲ್ಲ ಯವ್ವಾ" ಎಂದ.

ಯಾರೋ ನೀರು ಸುರಿದಿರಬೇಕು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಕೆಳಗಿನ ನೆಲ ಹೇಗೆ ಒಣಗಿತ್ತು ಎಂಬಲ್ಲಿಗೆ ಬಂದು ನಿಲ್ಲುತ್ತೇನೆ. ಆ ನೀರು ಬಾರದಿದ್ದರೆ ಅವ್ವ ಇನ್ನಷ್ಟು ದಿನ ನಮ್ಮ ಜೊತೆ ಉಣ್ಣುತ್ತಿದ್ದಳು, ಇಷ್ಟು ಮಾತ್ರ ನನಗೆ ಗೊತ್ತು. ಈಗಲೂ ಅಪ್ಪನ ಪಕ್ಕದಲ್ಲಿ ಮೊಣಕಾಲೂರುತ್ತೇನೆ. ಆದರೆ ಏನನ್ನೂ ಕೇಳುವುದಿಲ್ಲ. ಉತ್ತರ ಬಂದುಬಿಟ್ಟರೆ ಎಂದು ಹೆದರಿಕೆ.