ಎಡಗಿವಿಯ ಹಿಂದಿನ ಕುಚ್ಚು

ದೆವ್ವ, ದೃಷ್ಟಿ, ಮಾಟ ಯಾವುದನ್ನೂ ನಂಬದವನು ನಾನು. ಯಲಬುರ್ಗಾದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇಂಥ ಮಾತು ತೆಗೆದವರ ಬಾಯಿ ಮುಚ್ಚಿಸುವುದೆಂದರೆ ನನಗೆ ಮೊದಲಿನಿಂದಲೂ ಹುರುಪು. ಅಂಥವನೇ ಇದನ್ನು ಬರೆಯುತ್ತಿದ್ದೇನೆ, ನಗುವವರು ನಗಲಿ.

ನನ್ನ ಜವಳ ತೆಗೆದವನು ಕಟಿಂಗ್ ಅಂಗಡಿಯ ಯಂಕಪ್ಪ ಕಾಕಾ. ಅಂದಿನಿಂದ ಈ ತಲೆಗೆ ಬೇರೆಯವರ ಕತ್ತರಿ ತಾಗಿರಲಿಲ್ಲ. ಕಟಿಂಗ್ ಮುಗಿಸುವಾಗ ಎಡಗಿವಿಯ ಹಿಂದೆ ಚಿಟಿಕೆಯಷ್ಟು ಕೂದಲನ್ನು ಹಾಗೇ ಬಿಡುವುದು ಅವನ ಪದ್ಧತಿ. ದೃಷ್ಟಿ ತಾಗಬಾರದಂತೆ! ನಮ್ಮ ಓಣಿಯ ಗಂಡಸರನ್ನೆಲ್ಲ ಆ ಕುಚ್ಚಿನಿಂದಲೇ ಗುರುತಿಸಬಹುದಿತ್ತು.

ಕೆಲವು ವರ್ಷಗಳ ಹಿಂದೆ ನನ್ನನ್ನು ಉತ್ತಮ ಶಿಕ್ಷಕನೆಂದು ಆರಿಸಿದರು. ಕೊಪ್ಪಳದಲ್ಲಿ ಸನ್ಮಾನ, ಶಾಲು, ಫೋಟೊ! ನಮ್ಮ ಮನೆತನದಲ್ಲಿ ವೇದಿಕೆ ಹತ್ತುವವನು ನಾನೇ ಮೊದಲಿಗ. ಕೂಲಿ ಮಾಡಿ ನನ್ನನ್ನು ಓದಿಸಿದ ಅವ್ವ ಮುಂದಿನ ಸಾಲಿನಲ್ಲಿ ಕೂರುವವಳು. ಅಂಥ ದಿನ ಕಿವಿಯ ಹಿಂದೆ ಕುಚ್ಚು ಬಿಟ್ಟುಕೊಂಡು ಹೋಗುವುದೇ? ಮಂಗಳವಾರ ನಮ್ಮಲ್ಲಿ ಕಟಿಂಗ್ ಅಂಗಡಿಗಳು ತೆರೆಯುವುದಿಲ್ಲ. ಕಾಕಾ ಅಂಗಡಿಯಲ್ಲಿ ಕೂತು ನನ್ನನ್ನು ನೋಡುವ ಭಯವಿಲ್ಲವೆಂದು ಅದೇ ದಿನ ಗಂಗಾವತಿಯ ಬಸ್ಸು ಹತ್ತಿದೆ. ಅಲ್ಲಿಯ ಎಸಿ ಸಲೂನಿಗೆ ವಾರದ ಗೊಡವೆಯಿಲ್ಲ.

ಕಳ್ಳತನಕ್ಕೆ ಬಂದವನಂತೆ ಬಾಗಿಲ ಕಡೆಗೇ ನೋಡುತ್ತ ಕುರ್ಚಿಯಲ್ಲಿ ಕೂತೆ. ಸಲೂನಿನವನು ಮಷೀನ್ ಹಚ್ಚಿ ಎರಡೂ ಕಡೆ ನುಣ್ಣಗೆ ಮಾಡಿದ. ಹಿಂದೆ ಕನ್ನಡಿ ಹಿಡಿದು, "ನೋಡ್ರಿ ಸರ್, ಹೆಂಗೈತಿ?" ಎಂದ. ಕಿವಿ ಮಡಚಿ ನೋಡಿದೆ. ಒಂದು ಕೂದಲೂ ಇಲ್ಲ, ಬೆರಳಿಗೆ ಬರೀ ಚರ್ಮ. ಕಾಕಾನ ನೆನಪಾಗಿ ಮನಸ್ಸಿಗೆ ಕೆಟ್ಟೆನಿಸಿತು, ನಿಜ. ಆದರೂ ಕನ್ನಡಿಯೊಳಗಿನ ಮುಖ ಭಾರಿಯಾಗೇ ಕಾಣುತ್ತಿತ್ತು.

ಸಂಜೆ ಮನೆಗೆ ಬಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದೆ. ಹೆಂಡತಿ ಸುತ್ತು ಹಾಕಿ ನೋಡಿದಳು.

"ಅಯ್ಯ, ಮಂಗಳವಾರನೂ ಕಾಕಾ ಅಂಗಡಿ ತಗದಿದ್ನೇನ್ರಿ?"

"ಅಂವ ಅಲ್ಲ, ಗಂಗಾವತಿಯೊಳಗ ಮಾಡಿಸೀನಿ."

"ಸುಳ್ಳ ಯಾಕ ಹೇಳ್ತೀರಿ? ಕುಚ್ಚು ಇಲ್ಲೇ ಐತಲ್ಲ!"

ಕೈ ಹಾಕಿದೆ. ಇತ್ತು. ಅದೇ ಜಾಗ, ಅದೇ ಚಿಟಿಕೆಯಷ್ಟು.

ಮರುದಿನ ಕಾಕಾನ ಅಂಗಡಿಗೆ ಹೋಗಿ, "ಬ್ಯಾರೆ ಕಡೆ ಮಾಡಿಸಿದೆ ಕಾಕಾ, ಸಿಟ್ಟಾಗಬ್ಯಾಡ" ಎಂದೆ. ಬೈಯುತ್ತಾನೆ, ಇನ್ನು ಈ ತಲೆ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಅವನು ನನ್ನ ಕಿವಿ ಮಡಚಿ, ಕುಚ್ಚನ್ನು ಬೆರಳಿನಿಂದ ತೀಡಿದ.

"ಛಲೋ ಮಾಡ್ಯಾನ ಬಿಡು ಮಾಸ್ತರ. ಇದನ್ನ ತಗಿಬ್ಯಾಡ ಅಂತ ನೀನ ಅವಗ ಹೇಳಿರಬೇಕು. ಭಾಳ ಖುಷಿ ಆತು ನೋಡು."

ಅವನ ಕಣ್ಣು ತುಂಬಿದ್ದವು. ನಾನು ಹೇಳಿರಲಿಲ್ಲ ಎನ್ನಲು ಬಾಯಿ ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ಆ ಕುಚ್ಚು ಎಲ್ಲಿಂದ ಬಂತೆಂದು ನನಗೆ ಈಗಲೂ ತಿಳಿದಿಲ್ಲ. ಮಷೀನ್ ತಪ್ಪಿರಬೇಕು ಎನ್ನೋಣವೆಂದರೆ ನನ್ನ ಬೆರಳೇ ಒಪ್ಪುವುದಿಲ್ಲ. ಸನ್ಮಾನದ ಫೋಟೊ ನಮ್ಮ ಪಡಸಾಲೆಯಲ್ಲೂ ಇದೆ, ಕಾಕಾನ ಅಂಗಡಿಯ ಕನ್ನಡಿಯ ಮೇಲೂ ಇದೆ. ನೇರ ನೋಡಿರೆಂದು ಫೋಟೊದವನು ಎಷ್ಟು ಕೂಗಿದರೂ ಕೇಳದೆ, ಶಾಲು ಹೊದ್ದು, ಎದೆಯುಬ್ಬಿಸಿ, ಎಡಗಿವಿಯನ್ನು ಕ್ಯಾಮೆರಾ ಕಡೆ ತಿರುಗಿಸಿ ನಿಂತಿದ್ದೇನೆ.