ಆಗುವ ಮೊದಲೇ ಆಗಿಹೋದ ಪುಸ್ತಕ ಬಿಡುಗಡೆ

ನಮ್ಮ ರಸ್ತೆ ಮೂಲೆಯ ಪುಸ್ತಕದಂಗಡಿಯ ಅಕ್ಕನಿಗೆ ಐವತ್ತೆಂಟು ವರ್ಷ. ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ. ದಿನವಿಡೀ ಹುಡುಕುವುದು ಮೂರನೆಯದನ್ನು. ಗಿರಾಕಿ ಏನಾದರೂ ಕೇಳಿದರೆ ಮುಖ ನೋಡಿ, "ಇದು ನಿಮಗೆ ಆಗಿಬರಲ್ಲ, ಬೇರೆ ತಗೊಳ್ಳಿ" ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಾರೆ.

ಮಗಳಿಗೆ ಹಲ್ಲು ಬರುವಾಗ ನಾನು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಅಳುವ ಮಗುವನ್ನು ಕಂಡು ಮುಖ ಗಂಟಿಕ್ಕದ ಅಂಗಡಿ ನಮ್ಮ ಬೀದಿಯಲ್ಲಿ ಅದೊಂದೇ. ಒಂದು ದಿನ ಅವಳು ದಪ್ಪ ವಿಮರ್ಶಾ ಗ್ರಂಥವೊಂದರ ಮೂಲೆಯನ್ನು ಬಾಯಿಗಿಟ್ಟು ಜಗಿಯತೊಡಗಿದಳು. ನಾನು ಗಾಬರಿಯಾಗಿ ಕಿತ್ತುಕೊಳ್ಳಲು ಹೋದರೆ ಅಕ್ಕ, "ಬಿಡೇ, ಆರು ವರ್ಷದಿಂದ ಅದನ್ನ ಯಾರೂ ಮುಟ್ಟಿಲ್ಲ. ಇವಳಾದ್ರೂ ರುಚಿ ನೋಡಲಿ" ಅಂದರು.

ಅಕ್ಕ ತಿಂಗಳಿಗೊಂದು ಸುದ್ದಿ ಹಾಳೆ ಹೊರಡಿಸುತ್ತಾರೆ. ಯಾವ ಪುಸ್ತಕ ಬಂತು, ಯಾರು ಬಂದು ಕವಿತೆ ಓದಿದರು, ಯಾರು ಯಾರ ಮೇಲೆ ಮುನಿಸಿಕೊಂಡರು, ಎಲ್ಲ ಅದರಲ್ಲಿರುತ್ತದೆ. ಕಾರ್ಯಕ್ರಮದ ವರದಿಯನ್ನು ಮಾತ್ರ ಕಾರ್ಯಕ್ರಮಕ್ಕೆ ಮುಂಚೆಯೇ ಬರೆದು ಜೆರಾಕ್ಸ್ ಮಾಡಿಸಿಡುತ್ತಾರೆ.

"ಅದು ಹೇಗಕ್ಕ?" ಎಂದು ಕೇಳಿದ್ದೆ.

"ಆಮೇಲೆ ಕುರ್ಚಿ ಎತ್ತಿಡೋರು ಯಾರು, ನಿಮ್ಮ ಭಾವನಾ? ಮಂಡಿನೋವು ಅಂತ ಮೊದಲೇ ಮನೆ ಸೇರಿರ್ತಾರೆ. ಎಲ್ಲ ಸಭೆನೂ ಒಂದೇ ಕಣೇ. ಒಬ್ಬ ಹೊಗಳ್ತಾನೆ, ಹತ್ತು ಜನ ಆಕಳಿಸ್ತಾರೆ. ಆಕಳಿಕೆ ತೆಗೆದ್ರೆ ಉಳಿಯೋದೇ ವರದಿ."

ಈ ತಿಂಗಳು ನಮ್ಮ ಬೀದಿಯ ಡ್ರೈವರ್ ಮಾವನ ಮೊದಲ ಕಥೆಪುಸ್ತಕದ ಬಿಡುಗಡೆ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಭಾನುವಾರ ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ಅದೇ ದಿನ ಬೆಳಿಗ್ಗೆ ನಮ್ಮನೆ ಪೇಪರ್ ಬಿಡಿಸಿದೆ, ಒಳಗಿಂದ ಹಾಳೆ ಬಿತ್ತು. ಆಹ್ವಾನವಲ್ಲ, ವರದಿ! 'ಕಿಕ್ಕಿರಿದ ಸಭೆಯಲ್ಲಿ ಪುಸ್ತಕ ಬಿಡುಗಡೆಯಾಯಿತು. ಕೊನೆಯ ಕಥೆಗೆ ಹಲವರು ಕಣ್ಣೊರೆಸಿಕೊಂಡರು.' ತಾರೀಖಿಲ್ಲ, ಏನಿಲ್ಲ. ಅಕ್ಕ ಪೇಪರ್ ಹಾಕುವವರಿಗೆ ಆಹ್ವಾನದ ಬದಲು ವರದಿಯ ಕಟ್ಟು ಕೊಟ್ಟುಬಿಟ್ಟಿದ್ದರು.

ಮಗುವನ್ನು ಸೊಂಟಕ್ಕೇರಿಸಿ ಓಡಿದೆ. ನನಗಿಂತ ಮೊದಲೇ ಡ್ರೈವರ್ ಮಾವ ಬಂದು ನಿಂತಿದ್ದರು, ಅರ್ಧ ಮುಖಕ್ಕೆ ಶೇವಿಂಗ್ ನೊರೆ.

"ಅಕ್ಕಾವ್ರೇ, ನನ್ನ ಪುಸ್ತಕ ನನ್ನನ್ನು ಬಿಟ್ಟೇ ಬಿಡುಗಡೆ ಆಗೋಯ್ತಾ?"

"ಇಲ್ಲಪ್ಪ, ಸಂಜೆ ಆಗುತ್ತೆ."

"ಆಗೋಯ್ತು ಅಂತ ಓದಿದ ಮೇಲೆ ಯಾರು ಬರ್ತಾರೆ? ಜನ ಬರದಿದ್ರೂ ತಡ್ಕೊಂಡೇನು. ಆದ್ರೆ ನನ್ನ ಹೆಂಡತಿ ಬರ್ತಾಳೆ. ಮೂರು ವರ್ಷದಿಂದ 'ನೀವು ಗೀಚಿದ್ದನ್ನ ಯಾರು ಓದ್ತಾರೆ' ಅಂತಿದಾಳೆ. ಅವಳ ಮುಂದೆ ಖಾಲಿ ಕುರ್ಚಿಗೆ ಕಥೆ ಹೇಳಲಾ?"

ಅಕ್ಕ ತಪ್ಪೊಪ್ಪಿಕೊಳ್ಳುವ ಜಾಯಮಾನದವರಲ್ಲ. "ಮೊದಲು ಮುಖ ತೊಳ್ಕೊಳ್ಳಿ" ಎಂದು ಅವರನ್ನು ಕಳಿಸಿ, ಅಂಗಡಿಯಲ್ಲೇ ಉಳಿದಿದ್ದ ಆಹ್ವಾನಗಳನ್ನು ಬಾಚಿಕೊಂಡು ನನ್ನೊಂದಿಗೆ ಹೊರಟರು.

ಮೊದಲು ಸಿಕ್ಕವರು ಔಷಧಿ ಅಂಗಡಿಯವರು. ನಾನು ಬಾಯಿ ತೆರೆಯುವ ಮುಂಚೆಯೇ, "ಎಂಥ ಕಾರ್ಯಕ್ರಮ ಅಕ್ಕ! ಹಿಂದೆ ನಿಂತಿದ್ದೆ, ನೀವು ನೋಡಲಿಲ್ಲ. ಕೊನೇ ಕಥೆಗೆ ಕಣ್ಣಲ್ಲಿ ನೀರು ಬಂತು" ಅಂದರು.

ನಾನು ನಗು ತಡೆಯಲಾಗದೆ ಮಗಳ ಬೆನ್ನಿನಲ್ಲಿ ಮುಖ ಹುದುಗಿಸಿದೆ. ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹೌದಾ? ಹಾಗಾದ್ರೆ ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಇದೆ. ಯಾಕೆ ಅತ್ತಿರಿ ಅಂತ ಎರಡು ಮಾತು ಆಡಬೇಕು."

"ನಾನಾ?"

"ಅತ್ತವರಲ್ಲದೆ ಮತ್ಯಾರು?"

ಇಸ್ತ್ರಿ ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತಿದ್ದರಂತೆ. ಮಹಡಿ ಮನೆ ಆಂಟಿ, ಡ್ರೈವರ್ ಮಾವನ ಕೈಕುಲುಕಿ ಬಂದಿದ್ದರಂತೆ. ಮಧ್ಯಾಹ್ನದೊಳಗೆ ಹೀಗೆ 'ಬಂದಿದ್ದೆ' ಎಂದವರು ಹದಿನಾಲ್ಕು ಜನ. ಎಲ್ಲರಿಗೂ ಅಕ್ಕ ಭಾಷಣ ಹಂಚಿದರು. ನಿಜ ಹೇಳಿ, "ಅಯ್ಯೋ, ತಪ್ಪಿಹೋಯ್ತಲ್ಲ" ಎಂದವರು ಇಬ್ಬರೇ. ಅವರಿಗೆ ಬರೀ ಆಹ್ವಾನ.

ಅಂಗಡಿಗೆ ಮರಳಿದರೆ ಬಾಗಿಲಲ್ಲಿ ಔಷಧಿ ಅಂಗಡಿಯವರು, ಬೆವರುತ್ತ. "ಒಂದು ಪ್ರತಿ ಕೊಡಿ. ಸುಮ್ನೆ, ಮನೇಲಿರಲಿ ಅಂತ." ಅವರ ಬೆನ್ನಿಗೇ ಇಸ್ತ್ರಿಯವರು, ಆಂಟಿ.

"ಬಿಡುಗಡೆಗೆ ಮುಂಚೆ ಮಾರಬಹುದಾ ಅಕ್ಕ?" ಪಿಸುಗುಟ್ಟಿದೆ.

"ಊರಿಗೆಲ್ಲ ಆಗಿಹೋಗಿದೆ, ನಿನಗೊಬ್ಬಳಿಗೆ ಆಗಿಲ್ವಾ? ಕಟ್ಟು ಬಿಚ್ಚು."

ಮಧ್ಯಾಹ್ನವೆಲ್ಲ ನಮ್ಮ ಬೀದಿ ಪರೀಕ್ಷೆಯ ಹಿಂದಿನ ದಿನದ ಹಾಗಿತ್ತು. ಇಸ್ತ್ರಿಯವರು ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತ ನನ್ನ ಗಂಡನ ಅಂಗಿಯ ತೋಳು ಸುಟ್ಟರು. ಹಳೇ ಅಂಗಿ, ಹೋಗಲಿ ಬಿಡಿ ಅಂದೆ.

ನಾಲ್ಕು ಗಂಟೆಗೆ ಕುರ್ಚಿಗಳಲ್ಲಿ ಮುಕ್ಕಾಲು ತುಂಬಿದ್ದವು. ಡ್ರೈವರ್ ಮಾವ ಬಸ್ಸಿನ ಕನ್ನಡಿಯಲ್ಲಿ ನೋಡುವವರಂತೆ ಎಲ್ಲರನ್ನೂ ಒಮ್ಮೆ ನೋಡಿದರು. ಅವರ ಹೆಂಡತಿ ಕೈಚೀಲ ಮಡಿಲಲ್ಲಿಟ್ಟು ಈಗಲೇ ಏಳುವವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಅಕ್ಕ ಔಷಧಿ ಅಂಗಡಿಯವರನ್ನು ಕರೆದರು. ಅಳುವಿನ ಮಾತೇ ಬರಲಿಲ್ಲ, ಜಗಳ ಬಂತು.

"ಮೂರನೇ ಕಥೇಲಿ ಆ ಮುದುಕಿ ಕೈ ಅಡ್ಡ ಹಿಡಿದ್ರೂ ಬಸ್ ನಿಲ್ಲಿಸಲಿಲ್ಲವಲ್ರೀ, ನೀವು ಮನುಷ್ಯರಾ?"

"ಬ್ರೇಕು ಹಿಡೀತಿರಲಿಲ್ಲ ಸ್ವಾಮಿ! ಮುಂದಿನ ಪುಟದಲ್ಲೇ ಬರೆದಿದೀನಿ."

"ಅಲ್ಲಿಗೆ ಬರೋಷ್ಟರಲ್ಲಿ ನಾಲ್ಕು ಗಂಟೆ ಆಯ್ತು."

ಸಭೆ ಗೊಳ್ಳೆಂದಿತು. ಮಹಡಿ ಮನೆ ಆಂಟಿ ಎದ್ದು, "ಅದಿರಲಿ, ಆ ಕಥೇಲಿ ಬರೋ ಹೆಂಡತಿ ಅಬ್ಬಬ್ಬಾ, ಎಂಥ ಬಾಯಿ!" ಅಂದರು.

ಡ್ರೈವರ್ ಮಾವನ ಮುಖ ಬಿಳಿಚಿತು. ಕುರ್ಚಿಯ ಅಂಚಿನಿಂದ ದನಿ ಬಂತು: "ಯಾವ ಪುಟ?"

ಅಕ್ಕನೇ ಪುಟ ತೆಗೆದು ಪುಸ್ತಕವನ್ನು ಡ್ರೈವರ್ ಮಾವನ ಹೆಂಡತಿಯ ಕೈಗಿಟ್ಟರು. ಅವರು ಎದ್ದು ನಿಂತೇ ಓದಿದರು. ನನ್ನ ಮಗಳು ಕೂಡ ಬೆರಳು ಚೀಪುವುದು ಬಿಟ್ಟು ಅವರನ್ನೇ ನೋಡುತ್ತಿದ್ದಳು.

"ಇಷ್ಟೇನಾ?" ಅವರು ತಲೆ ಎತ್ತಿದರು. "ಆವತ್ತು ನಾನು ಬೈದದ್ದರಲ್ಲಿ ಅರ್ಧ ನುಂಗಿಬಿಟ್ಟಿದೀರಲ್ರೀ."

"ಎಲ್ಲ ಬರೆದಿದ್ರೆ ಎರಡನೇ ಸಂಪುಟ ಆಗ್ತಿತ್ತು ಕಣೇ."

ಅವರು ನಗಲಿಲ್ಲ. ಕೈಚೀಲವನ್ನು ನೆಲಕ್ಕಿಳಿಸಿ, ಹಿಂದಕ್ಕೊರಗಿ ಕೂತು, ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿದರು. "ನೀವು ನಿಮ್ಮ ಮಾತು ಮುಗಿಸಿ" ಅಂದರು, ತಲೆ ಎತ್ತದೆ. "ನಂಗೆ ಇದು ಮುಗಿಯೋವರೆಗೂ ಮನೆಗೆ ಹೋಗೋ ಅವಸರ ಇಲ್ಲ."