ಅಜ್ಜಿ ಹಾಡದೆ ಆದ ನಾಟಿ

ನಾನು ಚಿಕ್ಕವಳಿದ್ದಾಗ ನನಗೂ ಒಬ್ಬ ಅಜ್ಜಿ ಇದ್ದಳು. ನಗಬೇಡಿ. ನಾನು ಹುಟ್ಟುವಾಗಲೇ ತಲೆ ತುಂಬ ಬಿಳಿಕೂದಲು ಹೊತ್ತುಕೊಂಡು ಬಂದೆ ಎಂದು ನೀವು ತಿಳಿದಿರುವುದು ನನಗೆ ಗೊತ್ತಿದೆ. ಅಜ್ಜಿಯ ಮನೆ ಪಾಳ್ಯದ ಹತ್ತಿರ ಒಂದು ಸಣ್ಣ ಊರಿನಲ್ಲಿತ್ತು. ಮನೆಯ ಕೆಳಗೇ ಅವಳ ಗದ್ದೆ. ಅಪ್ಪ ದೋಣಿಗಲ್ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ನಾವೆಲ್ಲ ಅಲ್ಲಿಯೇ ಇದ್ದೆವು. ಅಜ್ಜಿ ಮಾತ್ರ ಗದ್ದೆ ಬಿಟ್ಟು ಬರುತ್ತಿರಲಿಲ್ಲ.

ಅಪ್ಪ ಅಂಬೆಗಾಲಿಡುತ್ತಿದ್ದಾಗಲೇ ಅಜ್ಜ ಜ್ವರ ಬಂದು ತೀರಿಕೊಂಡರಂತೆ. ಮಗು ಎತ್ತಿಕೊಂಡು ತವರಿಗೆ ಹೋಗು ಎಂದು ಕೆಲವರು ಹೇಳಿದರು. ಗದ್ದೆ ನಮಗೆ ಬಿಟ್ಟುಕೊಡು ಎಂದು ಇನ್ನು ಕೆಲವರು ಬಂದರು. ಅಜ್ಜಿ ಯಾವುದಕ್ಕೂ ಹೂಂ ಎನ್ನಲಿಲ್ಲ. ಕೂಲಿ ಕೊಟ್ಟು ಆಳು ಕರೆಯುವ ಶಕ್ತಿ ಅವಳಿಗಿರಲಿಲ್ಲ, ಆದರೆ ಒಳ್ಳೆಯ ಕಂಠವಿತ್ತು. ಆಗ ನಮ್ಮ ಕಡೆ ನಾಟಿ ನಡೆಯುತ್ತಿದ್ದದ್ದು ಮುಯ್ಯಾಳಿನಿಂದ. ಇವತ್ತು ನಾನು ನಿಮ್ಮ ಗದ್ದೆಯಲ್ಲಿ ದುಡಿದರೆ ನಾಳೆ ನೀವು ನಮ್ಮ ಗದ್ದೆಗೆ ಬರಬೇಕು, ಅಷ್ಟೇ. ಅಜ್ಜಿ ಎಲ್ಲರ ಗದ್ದೆಗೂ ಹೋಗಿ ನೆಡುತ್ತಾ ಪದ ಹೇಳುತ್ತಿದ್ದಳು. ಅವಳೊಂದು ಸಾಲು ಹೇಳಿದರೆ ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು, ಎಂದರೆ ಕೊನೆಯ ತುಂಡನ್ನು ಒಟ್ಟಾಗಿ ತಿರುಗಿ ಹಾಡುತ್ತಿದ್ದರು. ಪದದ ಜೊತೆಗೇ ಕೈ ಓಡುತ್ತಿತ್ತು, ನಡುನೋವು ಮರೆತುಹೋಗುತ್ತಿತ್ತು.

ಒಂದು ವಿಷಯ ನಿಮಗೆ ಹೇಳಲೇಬೇಕು. ಗಂಡ ಸತ್ತವಳೆಂದು ಮದುವೆಮನೆಯ ಹಾಡಿಗೆ ಅಜ್ಜಿಯನ್ನು ಯಾರೂ ಕರೆಯುತ್ತಿರಲಿಲ್ಲ. ಗದ್ದೆಯ ಹಾಡಿಗೆ ಮಾತ್ರ ಮನೆಬಾಗಿಲಿಗೆ ಬಂದು ಕರೆಯುತ್ತಿದ್ದರು. ಶಾಸ್ತ್ರಕ್ಕೆ ಕೆಸರಿನಲ್ಲಿ ಇಳಿಯಲು ಇಷ್ಟವಿರಲಿಲ್ಲ ಎಂದು ಕಾಣುತ್ತದೆ. ನನಗೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಅಜ್ಜಿಗೆ ಬರುತ್ತಿತ್ತೋ ಇಲ್ಲವೋ ತಿಳಿಯದು.

ಆ ವರ್ಷ ನಾಟಿಯ ಹಿಂದಿನ ದಿನ ಸಂಜೆ ಅಪ್ಪ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಅಜ್ಜಿಯ ಊರಿಗೆ ಹೋದರು. ಅಜ್ಜಿ ಆಗಷ್ಟೇ ಯಾರದೋ ಗದ್ದೆಯಿಂದ ಬಂದು, ನೆನೆದ ಕಂಬಳಿಕೊಪ್ಪೆಯನ್ನು ಒಲೆಯ ಪಕ್ಕ ಹರವಿದ್ದಳು. ಮನೆಯೆಲ್ಲ ಹಸಿ ಉಣ್ಣೆಯ ವಾಸನೆ. ಇಡೀ ದಿನ ಜಡಿಮಳೆಯಲ್ಲಿ ನಿಂತು ಹಾಡಿ ಅವಳ ದನಿ ಆಗಲೇ ಒಡೆದಿತ್ತು.

ಅಪ್ಪ ಉಣ್ಣುತ್ತಾ ಮಾತು ತೆಗೆದರು. "ಅವ್ವ, ಈ ವರ್ಷಕ್ಕೆ ಸಾಕು ಮಾಡು. ಮೇಲಿನೂರೋರು ಗದ್ದೆ ವಾರಕ್ಕೆ ಕೇಳ್ತಾವ್ರೆ, ಅವ್ರೇ ಬೆಳ್ದು ಅರ್ಧ ಭತ್ತ ಕೊಡ್ತಾರಂತೆ. ಗದ್ದೆ ಅವ್ರಿಗೆ ಕೊಟ್ಬುಟ್ಟು ನಮ್ ಜೊತೆ ಬಂದ್ಬುಡು."

"ನಾಳೆ ನಾಟಿ ಮುಗೀಲಿ" ಎಂದಳು ಅಜ್ಜಿ.

"ಮುಗೀದಿದ್ರೆ?"

"ಮುಗೀದಿದ್ರೆ ಬತ್ತೀನಿ ಕಣೋ, ಉಣ್ಣು."

ಅಪ್ಪ ಕೆಟ್ಟವರಲ್ಲ. ತಾಯಿ ಮುಪ್ಪಿನಲ್ಲಿ ಕೆಸರಿನಲ್ಲಿ ನಿಲ್ಲುವುದು ಅವರಿಗೆ ಸಂಕಟವಾಗುತ್ತಿತ್ತು. ಆದರೆ ಎಸ್ಟೇಟಿನ ಲೈನ್ ಮನೆಯ ಒಂದು ಮೂಲೆಯಲ್ಲಿ ಅಜ್ಜಿ ಏನು ಮಾಡಿಕೊಂಡು ಇರುತ್ತಾಳೆ ಎಂದು ಅವರು ಯೋಚಿಸಿರಲಿಲ್ಲ.

ಬೆಳಗ್ಗೆ ಎದ್ದರೆ ಅಜ್ಜಿಗೆ ಗಂಟಲೇ ಇಲ್ಲ! ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಅಕ್ಕ ಮೆಣಸು ಜಜ್ಜಿ, ಬೆಲ್ಲ ಹಾಕಿ ಕಷಾಯ ಕಾಯಿಸಿಕೊಟ್ಟಳು. ಅಜ್ಜಿ ಬಿಸಿಬಿಸಿಯಾಗಿ ಕುಡಿದಳು, ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಮುಯ್ಯಾಳುಗಳು ಸೀರೆ ಎತ್ತಿಕಟ್ಟಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಮಡಿಯಲ್ಲಿದ್ದ ಸಸಿ ಬಲಿತಿತ್ತು, ಮಾರನೆಯ ದಿನದಿಂದ ಎಲ್ಲರಿಗೂ ಬೇರೆ ಗದ್ದೆಗಳ ಕೆಲಸ ನಿಗದಿಯಾಗಿತ್ತು. ನಾಟಿ ಆಗುವುದಿದ್ದರೆ ಅವತ್ತೇ ಆಗಬೇಕು.

ಹೆಂಗಸರು ಸಾಲಾಗಿ ಬಗ್ಗಿದರು. ನಾನೂ ಅಕ್ಕನೂ ಒಂದು ತುದಿಯಲ್ಲಿ ನಿಂತೆವು. ಕೆಸರು ಮೊಣಕಾಲಿನವರೆಗೆ ತಣ್ಣಗೆ ಹತ್ತಿತು. ಎಲ್ಲರೂ ಪದಕ್ಕಾಗಿ ಕಾದರು. ಅಜ್ಜಿ ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದಳು. ಪದವಿಲ್ಲದೆ ನಾಟಿ ಶುರುವಾಯಿತು.

ಪದವಿಲ್ಲದ ನಾಟಿ ಎಷ್ಟು ಕೆಟ್ಟದಾಗಿ ನಡೆಯುತ್ತದೆ ಎಂದು ಅವತ್ತೇ ನಾನು ನೋಡಿದ್ದು. ಒಬ್ಬರು ಬೇಗ ನೆಟ್ಟರು, ಇನ್ನೊಬ್ಬರು ಸೊಂಟ ಹಿಡಿದುಕೊಂಡು ನಿಂತರು. ಮಧ್ಯದಲ್ಲಿ ಇಬ್ಬರು ಯಾರದೋ ಮನೆಯ ಎಮ್ಮೆಯ ಸುದ್ದಿಗೆ ಇಳಿದರು. ಸಾಲು ಹಾವಿನ ಹಾಗೆ ಸೊಟ್ಟಗಾಯಿತು. ಬಿಸಿಲೇರುವ ಹೊತ್ತಿಗೆ ಮೇಲಿನ ಒಂದು ಪಟ್ಟಿಯೂ ಮುಗಿದಿರಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಅಜ್ಜಿ ಅವರ ಕಡೆ ತಿರುಗಲೇ ಇಲ್ಲ. ಎಲ್ಲರಿಗಿಂತ ಮುಂದೆ, ಒಬ್ಬಳೇ, ಸರಸರನೆ ನೆಡುತ್ತಿದ್ದಳು. ಒಬ್ಬಳ ಕೈಯಿಂದ ಅಷ್ಟು ಗದ್ದೆ ಮುಗಿಯುವುದಿಲ್ಲ ಎಂದು ನನಗೂ ತಿಳಿಯುತ್ತಿತ್ತು, ನನಗೆ ಅಳು ಬಂತು.

ಆಗ ಕೆಳಮನೆಯ ಅತ್ತೆ ಪದ ಎತ್ತಿದಳು. ಅಜ್ಜಿಯ ಮನೆಯ ಕೆಳಗಿನ ಮನೆಯವಳು, ನಾವೆಲ್ಲ ಅವಳನ್ನು ಅತ್ತೆ ಎನ್ನುತ್ತಿದ್ದೆವು. ಅವಳ ದನಿ ಅಕ್ಕಿಗಿರಣಿಯ ಬೆಲ್ಟು ಜಾರಿದಾಗ ಬರುವ ಸದ್ದಿನಂತಿತ್ತು.

"ಬೆಳ್ಳಕ್ಕಿ ಬಂದೈತೆ ಬದುವಿನ ಮ್ಯಾಲೆ, ಬಗ್ಗಿದ ನಡುವ ನೋಡೋಕೆ..."

ಎಲ್ಲರೂ ಗೊಳ್ಳೆಂದು ನಕ್ಕರು. ಬದುವಿನ ಮೇಲೆ ಬಿಳಿ ಅಂಗಿಯಲ್ಲಿ ನಿಂತಿದ್ದವರು ಅಪ್ಪ ಒಬ್ಬರೇ. ಆದರೆ ಸೊಲ್ಲು ಮಾತ್ರ ತಪ್ಪದೆ ಬಂತು. ಎರಡನೆಯ ಸಾಲಿಗೆ ಅತ್ತೆ ತಪ್ಪಿದಳು. ಅಜ್ಜಿ ನೆಟ್ಟಗೆ ನಿಂತು, ಹುಬ್ಬು ಗಂಟಿಕ್ಕಿ, ಜೋರಾಗಿ ಕೈಯಾಡಿಸಿದಳು. ತಪ್ಪು ಹಾಡುವುದಕ್ಕಿಂತ ಸುಮ್ಮನಿರುವುದು ವಾಸಿ ಎಂಬ ಮುಖ. ಅಷ್ಟರಲ್ಲಿ ಮತ್ತೊಬ್ಬಳು ಆ ಸಾಲನ್ನು ಸರಿಮಾಡಿ ಎತ್ತಿಕೊಂಡಳು. ಅವಳು ನಿಂತಲ್ಲಿಂದ ಇನ್ನೊಬ್ಬಳು ಮುಂದುವರಿಸಿದಳು. ಒಬ್ಬೊಬ್ಬರಿಗೆ ಒಂದೊಂದು ತುಂಡು ಬರುತ್ತಿತ್ತು. ಯಾರಿಗೂ ಬಾರದಿದ್ದಾಗ ಅಜ್ಜಿಯ ತುಟಿ ನೋಡಿ ಹಿಡಿಯುತ್ತಿದ್ದರು. ಸಾಲು ನೇರವಾಯಿತು. ಸಸಿ ಕೆಸರಿಗೆ ಇಳಿಯುವ ಚಳಕ್ ಚಳಕ್ ಸದ್ದು ಒಟ್ಟಿಗೇ ಕೇಳತೊಡಗಿತು.

"ನಿಮಗೆಲ್ಲ ಪದ ಬತ್ತದೇನ್ರೇ? ಒಂದಿನಾನೂ ಹೇಳಿದ್ದು ಕೇಳಿಲ್ವಲ್ಲ!" ಎಂದು ಅಪ್ಪ ಕೂಗಿದರು.

"ದೊಡ್ಡವ್ವ ಹೇಳೋವಾಗ ನಾವ್ಯಾಕಣ್ಣ ಬಾಯ್ ಹಾಕಾನ?" ಎಂದಳು ಅತ್ತೆ, ತಲೆ ಎತ್ತದೆಯೇ. "ನಮ್ ಗದ್ದೇಲೆಲ್ಲ ಹಾಡವ್ರೆ, ಆ ಮುಯ್ಯಿ ತೀರುಸ್ಬ್ಯಾಡ್ವಾ? ನಿಂತ್ಕಂಡ್ ಏನ್ ನೋಡ್ತೀಯ, ಸಸಿ ಕಟ್ಟು ಎಸಿ ಮಾರಾಯ!"

ಅಪ್ಪ ಪ್ಯಾಂಟು ಮೊಣಕಾಲಿನ ಮೇಲಕ್ಕೆ ಮಡಚಿ ಗದ್ದೆಗೆ ಇಳಿದರು. ಇಳಿದವರೇ ಜಾರಿ ಕುಂಡೆಯ ಮೇಲೆ ಕುಳಿತರು. ಅಜ್ಜಿ ದನಿಯಿಲ್ಲದೆ ನಕ್ಕಳು, ಮೈಯೆಲ್ಲ ಕುಲುಕುತ್ತಿತ್ತು.

ದನಗಳು ಮನೆಗೆ ಬರುವ ಹೊತ್ತಿಗೆ ಕೊನೆಯ ಮೂಲೆಯೂ ಮುಗಿಯಿತು. ಎಲ್ಲರಿಗೂ ಅವರೆಕಾಳಿನ ಸಾರು, ಮುದ್ದೆ. ನನ್ನ ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು, ಮುದ್ದೆ ಮುರಿದರೆ ಉರಿಯುತ್ತಿತ್ತು. ಅಪ್ಪ ಗದ್ದೆ ವಾರಕ್ಕೆ ಕೊಡುವ ಮಾತು ಮತ್ತೆ ಎತ್ತಲಿಲ್ಲ. ಹೊರಡುವಾಗ, "ಮುಂದಿನ್ ನಾಟಿಗೆ ರಜ ಹೇಳಿಟ್ಟಿರ್ತೀನಿ ಅವ್ವ" ಎಂದರು. ಅಜ್ಜಿಯ ದನಿ ಆಮೇಲೆ ಪೂರ್ತಿ ತಿರುಗಿ ಬರಲಿಲ್ಲ, ಮಾತಿಗೆ ಸಾಕಾಗುವಷ್ಟು ಬಂತು. ಆದರೂ ಅವಳು ಇರುವ ತನಕ ನಾಟಿಯ ದಿನ ಆ ಹೆಂಗಸರು ಬಂದರು, ಅವಳನ್ನು ಬದುವಿನ ಮೇಲೆ ಕೂರಿಸಿ ಅವಳ ಪದಗಳನ್ನು ಅವಳಿಗೇ ಹಾಡಿದರು. ಮದುವೆಮನೆಗೆ ಮಾತ್ರ ಕೊನೆಯವರೆಗೂ ಯಾರೂ ಕರೆಯಲಿಲ್ಲ.

ಈಗ ಆ ಗದ್ದೆಯಲ್ಲಿ ನಾಟಿ ಯಂತ್ರ ಓಡುತ್ತದೆ. ನೀವೂ ನೋಡಿದ್ದೀರಿ, ಫೋನಿನಲ್ಲಿ ವಿಡಿಯೋ ಮಾಡಿಕೊಂಡಿರಿ. ನಾನು ಯಂತ್ರವನ್ನು ಬೈಯುವುದಿಲ್ಲ, ನಾಟಿಯ ನಡುನೋವು ಏನೆಂದು ನನಗೆ ಗೊತ್ತು. ಯಂತ್ರಕ್ಕೆ ಹಾಡು ಬೇಡ, ಮುದ್ದೆ ಬೇಡ, ಮುಯ್ಯಿ ಬೇಡ. ನಿಂತುಹೋದರೆ ಒಂದು ಫೋನು ಮಾಡಿದರಾಯಿತು, ಆಲೂರಿನಿಂದ ಮೆಕ್ಯಾನಿಕ್ ಬರುತ್ತಾನೆ. ನಿಮ್ಮ ಗಂಟಲು ಕಟ್ಟಿದ ದಿನ ಯಾರು ಬರುತ್ತಾರೆ ಮಕ್ಕಳೇ? ನನಗೆ ಅದೊಂದೇ ಯೋಚನೆ.